ಇಂದುಬಾಯಿ ಕೂಡಿಸಿದ ಸಂಬಂಧ

ಯಾವ ಸರ್ಕಾರಿ ಆಫೀಸಿಗೆ ಹೋದರೂ ಇಂದುಬಾಯಿ ಮೊದಲು ಬಾಗಿಲಲ್ಲೇ ನಿಂತು, ವರ ನೋಡಲು ಬಂದವಳ ಹಾಗೆ ಒಳಗಿನವರನ್ನೆಲ್ಲ ಅಳೆಯುತ್ತಿದ್ದಳು. ಆಮೇಲೆ ನನ್ನ ಕಿವಿಯಲ್ಲಿ, "ಟೀಚರಬಾಯಿ, ಆ ಚಷ್ಮಾದವ ಛಲೋ ಅದಾನ. ಅವನ ಕಡಿಂದೇ ಮಾತ ತೆಗಿಯಮ್ರಿ."

ಅದು ಹಳೆಯ ಕಸುಬಿನ ಅಭ್ಯಾಸ. ಒಂದು ಕಾಲಕ್ಕೆ ಖಟಕ ಚಿಂಚೋಳಿಯ ಸುತ್ತಮುತ್ತ ಲಗ್ನ ಕೂಡಿಸುತ್ತಿದ್ದವಳೇ ಅವಳು. ಮುಂಬೈಗೆ ದುಡಿಯಲು ಹೋಗಿದ್ದ ಗಂಡ ಎಚ್‌ಐವಿಯಿಂದ ತೀರಿಕೊಂಡ. ಇವಳಿಗೂ ಇದೆಯೆಂದು ಊರಿಗೆ ತಿಳಿದ ಮೇಲೆ ಯಾವ ಮದುವೆ ಹಂದರಕ್ಕೂ ಅವಳನ್ನು ಕರೆಯಲಿಲ್ಲ. ನನಗೆ ಸಿಕ್ಕಿದ್ದು ಬೀದರದ ಆಸ್ಪತ್ರೆಯಲ್ಲಿ. ನಾನು ರಿಟೈರ್ ಆದ ಕಾನ್ವೆಂಟ್ ಟೀಚರ್, ಪೇಷಂಟ್‌ಗಳಿಗೆ ಅರ್ಜಿ ಬರೆದುಕೊಡುವ ವಾಲಂಟಿಯರ್. ಆ ಅರ್ಜಿ ಹಿಡಿದು ಆಫೀಸುಗಳಿಗೆ ಹೋಗುವಾಗ ಅವಳೂ ಜೊತೆಗೆ ಬರುತ್ತಿದ್ದಳು. ನನ್ನ 'ಕೈಂಡ್ಲಿ', 'ಎಟ್ ದ ಅರ್ಲಿಯೆಸ್ಟ್'ಗಳೆಲ್ಲ ಟೇಬಲ್‌ನಿಂದ ಟೇಬಲ್‌ಗೆ ಅಲೆಯುತ್ತಿದ್ದರೆ ಅವಳಿಗೆ ನಗು. "ಕಾಗದ ನೋಡಿ ಯಾರರ ಹೆಣ್ಣ ಕೊಡ್ತಾರೇನ್ರಿ? ಮಾರಿ ನೋಡಬೇಕು!"

ಬರ ಬಿದ್ದ ವರ್ಷ. ಔರಾದ್ ಕಡೆಯ ಕಲಾವತಿ, ಕುರಿ ಮಾರಿ ಪುಣೆಯ ಬಿಲ್ಡಿಂಗ್ ಕೆಲಸಕ್ಕೆ ಹೊರಟಿದ್ದಳು. ಅವಳಿಗೆ ಎಚ್‌ಐವಿ, ಮೇಲೆ ಟಿಬಿ. ಒಂದರ ಗುಳಿಗೆ ಬೀದರದಲ್ಲಿ, ಇನ್ನೊಂದರದು ಔರಾದ್‌ನಲ್ಲಿ, ಅದೂ ಬೇರೆ ಬೇರೆ ದಿನ. "ಕೂಲಿ ಬಿಟ್ಟ ಎಷ್ಟಂತ ತಿರುಗ್ಲಿರಿ? ಪುಣಾದಾಗ ಯಾರಿಗಿ ಕೇಳ್ಲಿ? ಗುಳಿಗಿನೇ ಬ್ಯಾಡ," ಎಂದು ಡಬ್ಬಿಯನ್ನು ನನ್ನ ಮುಂದಿಟ್ಟಳು. ಸೆರಗು ಹಿಡಿದು ಮಗಳು ಅಂಬಿಕಾ ನಿಂತಿದ್ದಳು. ಗುಳಿಗೆ ಬಿಟ್ಟರೆ ಆ ಹುಡುಗಿಗೆ ತಾಯಿ ಉಳಿಯುವುದಿಲ್ಲ.

ಇಂದುಬಾಯಿ ಡಬ್ಬಿಯನ್ನು ಎತ್ತಿ ಮತ್ತೆ ಅವಳ ಕೈಗೇ ಕೊಟ್ಟಳು. "ಐತಾರತನಕ ತಪ್ಪದೇ ನುಂಗು ತಂಗಿ. ಅಷ್ಟರಾಗ ಒಂದ ಲಗ್ನ ಕೂಡಿಸ್ತೀನಿ."

"ಯಾರದಕ್ಕಾ?"

"ಎರಡು ದವಾಖಾನಿದು!"

ಭಾನುವಾರ ಇಂದುಬಾಯಿ ಕರೆದಳೆಂದು ಭಾಲ್ಕಿಯ ಅವಳ ಬಾಡಿಗೆ ಕೋಣೆಗೆ ಬೀದರದ ಎಚ್‌ಐವಿ ಕೌನ್ಸೆಲರ್ ಬಂದಳು, ಔರಾದ್‌ನ ಟಿಬಿ ಡಾಕ್ಟರೂ ಬಂದರು. ಇನ್ನೊಬ್ಬರು ಬರುತ್ತಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಬೀಗರಿಗೆ ಕೊಡುವ ಹಾಗೆ ಚೂಡಾ, ಚಹಾ ಕೊಟ್ಟಾಯಿತು. ಮಾತು ಮಾತ್ರ ವೆರಿ ಫಾರ್ಮಲ್. ಮೊದಲು ಔರಾದ್‌ನ ಲೆಟರ್ ಬರಲಿ ಎಂದು ಕೌನ್ಸೆಲರ್, ಬೀದರದ್ದು ಬರಲಿ ಎಂದು ಡಾಕ್ಟರು.

"ಬೀಗರು ಮೊದಲ ಹಿಂಗೇ ಬಿಗೀತಾರ್ರಿ," ಎಂದಳು ಇಂದುಬಾಯಿ. ಬಾಗಿಲಲ್ಲಿದ್ದ ಕಲಾವತಿಯನ್ನು ಒಳಗೆ ಕರೆದು ಇಬ್ಬರ ನಡುವೆ ಕೂರಿಸಿದಳು. "ನಮ್ಮ ಹುಡುಗಿ ಉಳೀಬೇಕಾ ಬ್ಯಾಡಾ? ಅದಷ್ಟ ಹೇಳಿ ಏಳ್ರಿ."

ಡಾಕ್ಟರು ಕಲಾವತಿಯ ಸೊರಗಿದ ಮುಖವನ್ನೊಮ್ಮೆ ನೋಡಿ ಕಪ್ಪು ಕೆಳಗಿಟ್ಟರು. ಊರಿನಲ್ಲಿರುವಷ್ಟು ದಿನ ಎರಡೂ ಗುಳಿಗೆ ಔರಾದ್‌ನಲ್ಲೇ, ಸಂತೆಯ ದಿನವೇ ಸಿಗುವ ಹಾಗೆ ಮಾತಾಯಿತು. ಪುಣೆಯ ಆಸ್ಪತ್ರೆಗೆ ಕೌನ್ಸೆಲರ್ ತಾನೇ ಫೋನ್ ಮಾಡಿದಳು. ಕಲಾವತಿ ಬಸ್ ಹತ್ತುವಾಗ ಡಬ್ಬಿ ಅವಳ ಗಂಟಿನಲ್ಲಿತ್ತು. ಅಲ್ಲಿ ಯಾರನ್ನು ಕಾಣಬೇಕೆಂಬುದೂ ಗೊತ್ತಿತ್ತು.

ಇಂದುಬಾಯಿ ಈಗಿಲ್ಲ. ನಾನವಳನ್ನು ಕೊನೆಗೆ ನೋಡಿದ್ದು ಅಂಬಿಕಾಳ ಮದುವೆಯಲ್ಲಿ. ಹಂದರದ ಹೊರಗೇ ನಿಂತುಬಿಟ್ಟಿದ್ದಳು. ಮೈಕೈ ತುಂಬಿಕೊಂಡ ಕಲಾವತಿ ಓಡಿ ಬಂದು ರಟ್ಟೆ ಹಿಡಿದಳು. "ಹೊರಗ್ಯಾಕ ನಿಂತೀರಿ ಅಕ್ಕಾ? ಮೊದಲ ಅಕ್ಷತಾ ನಿಮ್ಮದೇ."

ಇಂದುಬಾಯಿ ಅಕ್ಷತೆ ಹಾಕಿ ಬಂದು ನನ್ನ ಪಕ್ಕ ಕುಳಿತಳು. ಆಮೇಲೆ ಕಣ್ಣೊರೆಸಿಕೊಂಡು ಮದುಮಗನನ್ನು ಅಳೆದು, ನನ್ನ ಕಿವಿಯಲ್ಲಿ, "ಹುಡುಗ ಛಲೋ ಅದಾನ್ರಿ. ಆದ್ರ ನನಗೊಂದ ಮಾತ ಕೇಳದೇ ಈ ಸಂಬಂಧ ಯಾರ ಕೂಡಿಸ್ಯಾರ?"