ಸೊಂಟದ ಎಲುಬು ಎಣಿಸುವ ಹಾಜಿರಾ

ಮಲೇಷ್ಯಾದ ಪೆಟಾಲಿಂಗ್ ಜಯಾದ ಬೀದಿದೀಪಗಳು ಇನ್ನೂ ಆರಿಲ್ಲ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ತಪಾವ್ ಮಾಡಿಸಿದ, ಅಂದರೆ ಕಟ್ಟಿಸಿಕೊಂಡು ತಂದ ತಿಂಡಿಯನ್ನು ಕಪಾಟಿನಲ್ಲಿಟ್ಟ ಹಾಜಿರಾ, ಭಾರದ ಸೀಸದ ಏಪ್ರನ್ ತೊಟ್ಟು ಸಿ-ಆಕಾರದ ಎಕ್ಸ್‌ರೇ ಯಂತ್ರವನ್ನು ಆಪರೇಷನ್ ಥಿಯೇಟರಿಗೆ ತಳ್ಳುತ್ತಾರೆ.

ಈ ಆಸ್ಪತ್ರೆಯಲ್ಲಿ ಬೆನ್ನೆಲುಬಿನ ಸೊಂಟದ ಭಾಗದ ಎಲುಬುಗಳನ್ನು ಸ್ಕ್ರೂ ಹಾಕಿ ಬೆಸೆಯುತ್ತಾರೆ. ಸೀಳು ಬೆರಳಗಲದ್ದು, ಒಳಗಿನದು ವೈದ್ಯರ ಕಣ್ಣಿಗೆ ಕಾಣುವುದಿಲ್ಲ. ಹಾಜಿರಾ ತೆಗೆಯುವ ಚಿತ್ರವೇ ಅವರಿಗೆ ದಾರಿ.

ಎಕ್ಸ್‌ರೇ ತಂತ್ರಜ್ಞೆ ಹಾಜಿರಾ ಗಂಗಾವತಿಯವರು. ಪತಿ ನಝೀರ್ ಅವರಿಗೆ ಕ್ಲಾಂಗ್ ಬಂದರಿನಲ್ಲಿ ಕೆಲಸ ಸಿಕ್ಕಾಗ ಇಲ್ಲಿಗೆ ಬಂದರು. "ಮಂದಿ ಸೊಂಟ ನೋಡಿ ನೋಡಿ ನನ್ನ ಸೊಂಟಾನೇ ಹಿಡ್ಕೊಂಡೇತ್ರಿ" ಎಂದು ನಗುತ್ತಾರೆ. ದಿನಕ್ಕೆ ಎರಡು ಮೂರು ಶಸ್ತ್ರಚಿಕಿತ್ಸೆ, ಅಷ್ಟೂ ಹೊತ್ತು ನಿಂತೇ ಇರಬೇಕು.

ಕಳೆದ ರಂಜಾನ್ ಮುಗಿದ ವಾರದ ಒಂದು ಬೆಳಗನ್ನು ಅವರು ಇಂದಿಗೂ ಮರೆತಿಲ್ಲ. ಬಂದರಿನ ಕ್ರೇನ್ ಚಾಲಕರೊಬ್ಬರು ಅರಿವಳಿಕೆಯಲ್ಲಿ ಬೋರಲು ಮಲಗಿದ್ದರು. ಸೊಂಟದ ನಾಲ್ಕನೆಯ ಮತ್ತು ಐದನೆಯ ಎಲುಬುಗಳನ್ನು ಬೆಸೆಯಬೇಕೆಂದು ಸ್ಕ್ಯಾನ್ ವರದಿಯಲ್ಲಿತ್ತು. ಹಾಜಿರಾ ಕೊನೆಯ ಎಲುಬನ್ನು ಐದನೆಯದೆಂದು ಹಿಡಿದು ಕೆಳಗಿನಿಂದ ಎಣಿಸಿದರೆ ಒಂದು ಜಾಗ, ಮೇಲೆ ಪಕ್ಕೆಲುಬಿನಿಂದ ಎಣಿಸಿದರೆ ಇನ್ನೊಂದು.

"ಎಂತ ಹಾಜಿರಾ, ಮಿಷನ್ ಹಾಳಾಯ್ತಾ?" ಎಂದರು ಶಸ್ತ್ರವೈದ್ಯ ಉಡುಪಿಯ ಡಾ. ರಾಧಾಕೃಷ್ಣ.

"ಇಲ್ರಿ ಸರ್. ಎಣಿಕಿ ಹೊಂದವಲ್ದು. ಯಾವುದು ಖರೇ ಅಂತ ನನಗ ತಿಳೀವಲ್ದು."

ವೈದ್ಯರೂ ತೆರೆಗೆ ಬೆರಳಿಟ್ಟು ಎಣಿಸಿದರು. ಮತ್ತೆ ಎಣಿಸಿದರು. "ನನಗೂ ಕನ್‌ಫ್ಯೂಸ್ ಆಯ್ತಲ್ಲ ಮಾರಾಯ್ತಿ!" ಎಂದು ಚಾಕು ಕೆಳಗಿಟ್ಟರು.

ಜಾಗ ತಪ್ಪಿದರೆ ಸರಿಯಿರುವ ಎಲುಬಿಗೆ ಸ್ಕ್ರೂ ಬೀಳುತ್ತದೆ, ನೋವು ಹಾಗೇ ಉಳಿಯುತ್ತದೆ. "ನಾನೇ ಚಿತ್ರ ತಪ್ಪು ತೆಗೆದೆ ಅನ್ನಿಸ್ತು" ಎನ್ನುತ್ತಾರೆ ಹಾಜಿರಾ. ಯಂತ್ರವನ್ನು ಇಂಚಿಂಚೇ ಸರಿಸಿ, ಸೊಂಟದ ಬುಡದಿಂದ ಪಕ್ಕೆಲುಬಿನವರೆಗೆ ಚಿತ್ರ ತೆಗೆದು ಜೋಡಿಸಿದಾಗ, ಐದಿರಬೇಕಾದಲ್ಲಿ ಆರು ಎಲುಬುಗಳಿದ್ದವು. ಹುಟ್ಟಿನಿಂದಲೇ ಒಂದು ಹೆಚ್ಚು. ಸ್ಕ್ಯಾನ್ ವರದಿ ಬರೆದ ವೈದ್ಯೆಗೆ ಡಾ. ರಾಧಾಕೃಷ್ಣ ಫೋನ್ ಮಾಡಿಸಿದರು. ತಾವು ಕೆಳಗಿನಿಂದ ಎಣಿಸಿದ್ದಾಗಿ ಆಕೆ ಹೇಳಿದರು. ಸ್ಕ್ಯಾನ್ ಚಿತ್ರವೂ ಅದಕ್ಕೆ ತಾಳೆಯಾದ ಮೇಲೆಯೇ ಚಾಕು ಮೇಲೆದ್ದಿತು.

ಕೆಲವು ವಾರಗಳ ನಂತರ ಆಸ್ಪತ್ರೆಯ ಮೊಗಸಾಲೆಯಲ್ಲಿ ಅದೇ ಚಾಲಕರು ಎದುರಾದರು. ಹಾಜಿರಾ ಯಾರೆಂದು ಅವರಿಗೆ ಗೊತ್ತಿಲ್ಲ. ಕ್ಯಾಂಟೀನ್ ಎಲ್ಲಿ ಎಂದು ತಮಿಳಿನಲ್ಲಿ ಕೇಳಿದರು. ಇವರು ಕೈ ತೋರಿಸಿದರು.

"ನಾನ್ಯಾರು ಅಂತ ಹೇಳ್ಲಿಲ್ರಿ. ಹಿಂದ ನಿಂತು ಅವರ ನಡಿಗಿ ನೋಡಿದೆ. ನೆಟ್ಟಗಿತ್ತು."