ಸುಪ್ರಿಯಾಳ ಕೈಗೊಡಲಿ

ನ್ಯೂಯಾರ್ಕ್ ಕಡೆಯ ಮಾನ್ಮತ್ ಜಂಕ್ಷನ್ನಿನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಶನಿವಾರ ಬೆಳಿಗ್ಗೆ ಯಾರಿಗೂ ನಿದ್ದೆಯ ಸುಖವಿಲ್ಲ. ಕಾರಣ ಸುಪ್ರಿಯಾ. ಅವಳ ಗ್ಯಾರೇಜಿಗೂ ನಮ್ಮ ಗ್ಯಾರೇಜಿಗೂ ಒಂದೇ ಗೋಡೆ. ಕಾಫಿ ಕುಡಿದು ಅವಳು ಕಲ್ಲು ಒಡೆಯಲು ಕೂತಳೆಂದರೆ ನಮ್ಮ ಮನೆಯ ಷೆಲ್ಫಿನ ಡಬ್ಬಗಳೂ ಠಕ್ ಠಕ್ ಎನ್ನುತ್ತವೆ. ಮೊದಲ ವಾರ ನಾನು ಸೆರಗು ಕಟ್ಟಿಕೊಂಡು ಜಗಳಕ್ಕೇ ಹೋಗಿದ್ದೆ. ಹೋದವಳ ಮೂಗಿನ ಮೇಲೆ ಅವಳು ಒಂದು ದಪ್ಪ ಕನ್ನಡಕ ಏರಿಸಿ, "ಚೂರು ಹಾರತಾವ, ಹುಷಾರ್. ಕೂಡ್ರಿ ಲಾವಣ್ಯಾ" ಅಂದಳು. ಕೂತೆ. ಅಂದಿನಿಂದ ಕೂರುತ್ತಲೇ ಇದ್ದೇನೆ.

ಸುಪ್ರಿಯಾ ಸಮರ್‌ಸೆಟ್‌ನಲ್ಲಿ ಹಲ್ಲಿನ ಡಾಕ್ಟರು. ಹುಟ್ಟೂರು ಹುಣಸಗಿ ಕಡೆ. ಹುಡುಗಿಯಾಗಿದ್ದಾಗ ಹೊಲದಲ್ಲಿ ಕಾಲಿಗೆ ತಾಗುತ್ತಿದ್ದ ಕಲ್ಲುಗಳಿಂದ ಕುಂಟೆಬಿಲ್ಲೆ ಆಡಿ ಬೆಳೆದವಳು. ಅವು ಆದಿಮಾನವರು ಲಕ್ಷಾಂತರ ವರ್ಷಗಳ ಹಿಂದೆ ಮಾಡಿಟ್ಟ, ಕಾವಿಲ್ಲದೆ ಅಂಗೈಯಲ್ಲೇ ಹಿಡಿಯುವ ಕೈಗೊಡಲಿಗಳು ಎಂದು ಅವಳಿಗೆ ಗೊತ್ತಾದದ್ದು ನ್ಯೂಯಾರ್ಕಿನ ಯಾವುದೋ ಉಪನ್ಯಾಸದಲ್ಲಿ, ಪರದೆಯ ಮೇಲೆ ಸ್ವಂತ ಊರಿನ ಹೆಸರು ಕಂಡಾಗ. ಆ ದಿನ ಸಿಟ್ಟಿನಿಂದ ರೈಲಿನಲ್ಲಿ ಅತ್ತಳಂತೆ. ನಮ್ಮೂರಿನ ಸುದ್ದಿ ನನಗೇ ಯಾರೂ ಹೇಳಲಿಲ್ಲವಲ್ಲ ಎಂಬ ಸಿಟ್ಟು. ಅತ್ತು ಸುಮ್ಮನಾಗುವ ಜಾಯಮಾನ ಅವಳದಲ್ಲ. ಕಲ್ಲಿನ ಆಯುಧ ಮಾಡಲು ಕಲಿಸುವ ಟೋನಿ ಎಂಬ ನಿವೃತ್ತ ಪ್ಲಂಬರನನ್ನು ಹುಡುಕಿ, ಡೆಲವೇರ್ ನದಿಯ ಕಡೆಗಿರುವ ಅವನ ಷೆಡ್ಡಿಗೆ ಭಾನುವಾರ ಭಾನುವಾರ ಡ್ರೈವ್ ಮಾಡತೊಡಗಿದಳು.

ಕೆಲಸ ನೋಡಲು ಸುಲಭ. ತೊಡೆಯ ಮೇಲೆ ದಪ್ಪ ಚರ್ಮ ಹಾಸಿ, ಅದರ ಮೇಲೆ ಕಲ್ಲಿಟ್ಟು, ಅಂಚಿಗೆ ಇನ್ನೊಂದು ಗುಂಡುಕಲ್ಲಿನಿಂದ ಓರೆಯಾಗಿ ಹೊಡೆಯಬೇಕು. ಅಡಿಯಿಂದ ಒಂದು ಚಕ್ಕೆ ಕಳಚಿ ಬೀಳುತ್ತದೆ. ಕಲ್ಲು ತಿರುಗಿಸಿ, ಚಕ್ಕೆ ಬಿದ್ದ ಜಾಗಕ್ಕೇ ಮತ್ತೆ ಹೊಡೆಯಬೇಕು. ನಾನು ಹೊಡೆದರೆ ಕಲ್ಲು ಎರಡು ಹೋಳು, ಹೆಬ್ಬೆರಳು ಜಜ್ಜಿ ಹೋಗುತ್ತದೆ. ಅವಳು ಹೊಡೆದರೆ ಎಲೆಯಾಕಾರ ಮೂಡುತ್ತದೆ. ಸಂಜೆ ಚೂರುಗಳನ್ನೆಲ್ಲ ಗುಡಿಸಿ ಬಕೆಟ್ಟಿಗೆ ತುಂಬಿ, ಜೊತೆಗೆ ಆ ವರ್ಷದ ಒಂದು ನಾಣ್ಯ ಹಾಕಿ ಮಣ್ಣಲ್ಲಿ ಹೂಳುತ್ತಾಳೆ. ಮುಂದೆ ಯಾರೋ ಅಗೆದು ಆದಿಮಾನವನ ಕಾರ್ಖಾನೆ ಸಿಕ್ಕಿತೆಂದು ಮೋಸ ಹೋಗಬಾರದಂತೆ. ಅಷ್ಟು ಕಟ್ಟುನಿಟ್ಟು.

ಹೋದ ವರ್ಷ ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ 'ನಾಡಿನ ಹಿರಿಮೆ' ಎಂಬ ಪ್ರದರ್ಶನ ಇಟ್ಟರು. ಸುಪ್ರಿಯಾ ಒಂದು ಟೇಬಲ್ ಕೇಳಿದಳು. ಹುಣಸಗಿಗಿಂತ ಹಳೆಯ ಹಿರಿಮೆ ಯಾರ ಹತ್ತಿರವಿದೆ? ಬಳಗದ ಅಧ್ಯಕ್ಷ ಶಿವಪ್ರಸಾದ್ ಖುಷಿಯಿಂದ ಒಪ್ಪಿದರು. ಅವಳು ಬೋರ್ಡ್ ಬರೆದಳು: 'ಇದರಿಂದ ನಮ್ಮ ನಾಡಿನ ಮೊದಲ ಜನ ಪ್ರಾಣಿಗಳ ಚರ್ಮ ಸುಲಿದರು, ಮಾಂಸ ಕೊಯ್ದು ತಿಂದರು.'

ಬರೆದದ್ದನ್ನು ತನ್ನ ಕೈಯಲ್ಲೇ ಮಾಡಿ ನೋಡದೆ ಅವಳಿಗೆ ಸಮಾಧಾನವಿಲ್ಲ. ಕಾರಿಗೆ ಸಿಕ್ಕಿ ಸತ್ತ ಜಿಂಕೆಯೊಂದನ್ನು ಪೊಲೀಸರ ಪರ್ಮಿಟ್ ಪಡೆದು ಟೋನಿ ಷೆಡ್ಡಿಗೆ ತಂದಿದ್ದ. ನೆನಪಿರಲಿ, ಸುಪ್ರಿಯಾ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಲಿಂಗಾಯತರ ಮನೆಯ ಮಗಳು. ಅಂಗೈಯಗಲದ ಚಕ್ಕೆ ಹಿಡಿದು ಚರ್ಮ ಸುಲಿಯಲು ಕೂತಳು. ನಡುವೆ ಎದ್ದು ಹೋಗಿ ವಾಂತಿ ಮಾಡಿದಳು. ಬಾಯಿ ತೊಳೆದು ಬಂದು ಮತ್ತೆ ಕೂತಳು. ಕೊನೆಗೆ ಊರಿನಿಂದ ತಂದಿದ್ದ ಗುಂಡುಕಲ್ಲಿನಿಂದ ಕಾಲಿನ ಮೂಳೆ ಒಡೆದು, ಒಳಗಿನ ಮಜ್ಜೆಯನ್ನೂ ತೆಗೆದು ನೋಡಿದಳು. ಆ ಗುಂಡುಕಲ್ಲು ಅವಳ ಅಚ್ಚುಮೆಚ್ಚಿನ ಸುತ್ತಿಗೆ. ಮನೆಗೆ ಬಂದು ಅದನ್ನು ಬಿಸಿನೀರಲ್ಲಿ ತಿಕ್ಕಿ ಸಿಂಕಿನ ಪಕ್ಕ ಒಣಗಲು ಇಟ್ಟಳು. ಬೆಳಗಾಗುವಷ್ಟರಲ್ಲಿ ಕಲ್ಲು ಮಾಯ. ಎಲ್ಲೆಡೆ ಹುಡುಕಿದೆವು, ಸಿಗಲಿಲ್ಲ.

ಜಿಂಕೆಯ ಸುದ್ದಿ ಮಾತ್ರ ಊರೆಲ್ಲ ಹಬ್ಬಿತು. ರಾಜ್ಯೋತ್ಸವದ ಹಿಂದಿನ ಭಾನುವಾರ ಶಿವಪ್ರಸಾದ್ ಅವಳ ಮನೆಗೇ ಬಂದರು. ನಾನೂ ಅಲ್ಲೇ ಇದ್ದೆ. ಅವಳ ಗಂಡ ಗುರು ಲ್ಯಾಪ್‌ಟಾಪಿನ ಹಿಂದೆ ತಲೆ ಮರೆಸಿಕೊಂಡಿದ್ದ, ಎಂದಿನಂತೆ.

"ನೋಡಮ್ಮ, ಸ್ಟೋನ್ಸ್ ಬ್ಯೂಟಿಫುಲ್ ಆಗಿವೆ, ನೋ ಇಶ್ಯೂ" ಎಂದರು ಶಿವಪ್ರಸಾದ್. "ಆದ್ರೆ ಚರ್ಮ, ಮೂಳೆ ಎಲ್ಲ ಬೇಡ. ಫ್ಯಾಮಿಲೀಸ್ ಬರ್ತಾರೆ. ಬೋರ್ಡ್ ಸ್ವಲ್ಪ ಚೇಂಜ್ ಮಾಡೋಣ. ಗೆಡ್ಡೆ ಗೆಣಸು ಅಗೀತಿದ್ರು, ಗುಹೇಲಿ ಧ್ಯಾನ ಮಾಡ್ತಿದ್ರು ಅಂತ ಹಾಕಿ."

"ಧ್ಯಾನಕ್ಕ ಯಾರಿಗೆ ಪುರುಸೊತ್ತಿತ್ರೀ?" ಎಂದಳು ಸುಪ್ರಿಯಾ. "ಗುಹೆ ಅಂದ್ರ ಹೊಗಿ, ಎಲುಬಿನ ರಾಶಿ, ಅಳೋ ಕೂಸು. ನಮ್ಮ ಹುಣಸಗಿ ಮಂದಿ ಅಂತೂ ಹಳ್ಳದ ದಂಡಿಗೆ ಬಯಲಾಗ ಇರ್ತಿದ್ರು. ಗೆಡ್ಡಿನೂ ತಿಂದ್ರು, ಮಾಂಸನೂ ತಿಂದ್ರು. ಬೇಕಾದ್ರ ಎರಡೂ ಬರೀತೀನಿ."

"ಒಂದು ಲೈನ್ ತೆಗೆದ್ರೆ ಏನಾಗುತ್ತಮ್ಮ?"

"ಸುಳ್ಳಾಗ್ತದ."

ನಮ್ಮ ಆಫೀಸಿನ ಪಾರ್ಟಿಯಲ್ಲಿ ಇದೇ ಶಿವಪ್ರಸಾದ್ ಚಿಕನ್ ವಿಂಗ್ಸ್ ಚೀಪುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟರಲ್ಲಿ ಗುರುವಿನ ತಾಯಿ ಕಾಶಿಬಾಯಿ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಈಚೆ ಬಂದರು. ಶಿವಪ್ರಸಾದರ ಮುಖ ಅರಳಿತು. ಸೊಸೆಯ ಕಲ್ಲಿನ ಹುಚ್ಚು ಕಂಡರೆ ಕಾಶಿಬಾಯಿಗೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಜಿಂಕೆಯ ದಿನ ಸೊಸೆಗೆ ತಲೆಸ್ನಾನ ಮಾಡಿಸದೆ ಅಡುಗೆಮನೆಗೆ ಬಿಟ್ಟಿರಲಿಲ್ಲ.

"ಆಂಟಿ, ನೀವಾದ್ರೂ ಬುದ್ಧಿ ಹೇಳಿ. ರಕ್ತ ಮೆತ್ತಿದ ಕಲ್ಲನ್ನ ರಾಜ್ಯೋತ್ಸವದಲ್ಲಿ ಇಡೋದಾ?"

ಸುಪ್ರಿಯಾ ಅವರ ಮಾತು ಕೇಳುತ್ತಿರಲಿಲ್ಲ. ಅತ್ತೆಯ ಬೆನ್ನ ಹಿಂದೆ ತೆರೆದಿದ್ದ ದೇವರ ಕೋಣೆಯನ್ನೇ ನೋಡುತ್ತಿದ್ದಳು. ನಾವು ಹುಡುಕದೆ ಬಿಟ್ಟಿದ್ದ ಒಂದೇ ಜಾಗ ಅದು. ನಾನೂ ನೋಡಿದೆ. ಬೆಳ್ಳಿ ತಟ್ಟೆಯಲ್ಲಿ, ಮೂರು ಗೆರೆ ವಿಭೂತಿ ಬಳಿದುಕೊಂಡು, ತಲೆಯ ಮೇಲೆ ಸೇವಂತಿಗೆ ಹೊತ್ತು ಕೂತಿತ್ತು ಅವಳ ಗುಂಡುಕಲ್ಲು. ಕೃಷ್ಣಾ ನದಿಯ ದಂಡೆಯ ಕರಿ ಕಲ್ಲು, ನುಣುಪು, ಮೊಟ್ಟೆಯ ಆಕಾರ. ಸಿಂಕಿನ ಪಕ್ಕ ತೊಳೆದಿಟ್ಟದ್ದನ್ನು ಕಂಡು, ಮಗ ಪೂಜೆಗೆಂದೇ ಊರಿಂದ ತಂದಿದ್ದಾನೆ ಎಂದು ಕಾಶಿಬಾಯಿ ಎತ್ತಿಕೊಂಡು ಹೋಗಿದ್ದರು. ಕೊರಳಲ್ಲಿ ಇಷ್ಟಲಿಂಗ ಇದ್ದವರಿಗೆ ಇನ್ನೊಂದು ಕಲ್ಲು ಯಾಕೆ ಎಂದು ನೀವು ಕೇಳಬಹುದು. ಧೈರ್ಯವಿದ್ದರೆ ಅವರನ್ನೇ ಕೇಳಿ.

ನಾನಾಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ಸುಪ್ರಿಯಾ ಹೇಳಿಯೇಬಿಟ್ಟಳು. "ಅತ್ತಿ, ಅದು ನನ್ನ ಸುತ್ತಿಗಿ ಕಲ್ಲು. ಅದರಲೇ ಜಿಂಕಿ ಎಲುಬು ಒಡದೀನಿ."

ಕಾಶಿಬಾಯಿ ಗೋಡೆ ಹಿಡಿದುಕೊಂಡರು. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಶಿವಪ್ರಸಾದ್ ದಡಕ್ಕನೆ ಎದ್ದು ನಿಂತರು.

"ಶಿವ ಶಿವಾ! ಆಂಟಿ, ಮೊದಲು ಅದನ್ನ ತೆಗೆದು ಹೊರಗೆ ಎಸೀರಿ."

ಅಲ್ಲಿ ಅವರು ಎಡವಿದರು. ಕಾಶಿಬಾಯಿಯ ಬೆನ್ನು ನೆಟ್ಟಗಾಯಿತು.

"ನನ್ನ ದೇವರನ್ನ ಹೊರಗ ಒಗಿ ಅನ್ನಾಕ ನೀ ಯಾವನೋ?" ಎಂದರು. "ಎಲುಬು ಒಡದಾನಂತ. ಒಡದ್ರ ಒಡದಾನ! ಇಷ್ಟು ದಿನ ನನ್ನ ಕೈಲೆ ಹಾಲು ಹಾಕಿಸ್ಕೊಂಡಾನ." ಆಮೇಲೆ ಸೊಸೆಯ ಕಡೆ ತಿರುಗಿ, "ನಿನಗೂ ಕೊಡಂಗಿಲ್ಲ. ಬ್ಯಾರೆ ಕಲ್ಲು ಹುಡುಕ್ಕೋ" ಎಂದು ದೇವರ ಕೋಣೆಯ ಬಾಗಿಲು ಹಾಕಿಕೊಂಡರು.

ಟೇಬಲ್ ಇಲ್ಲವೆಂದು ಮರುದಿನ ಮೆಸೇಜ್ ಬಂತು. ಸುಪ್ರಿಯಾ ತಾನು ಬರುವುದಾಗಿ ಉತ್ತರ ಕಳಿಸಿದಳು.

ಸಮಾರಂಭ ನಡೆಯುತ್ತಿದ್ದ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಹಿಂದೆ ತನ್ನದೇ ಮಡಿಸುವ ಟೇಬಲ್ ಬಿಚ್ಚಿದಳು. ಜಿಂಕೆಯ ಚರ್ಮ ಹರಡಿದಳು, ಒಡೆದ ಮೂಳೆ ಇಟ್ಟಳು, ಬೋರ್ಡು ಗಾಳಿಗೆ ಹಾರದಂತೆ ಮೇಲೊಂದು ಕೈಗೊಡಲಿ ಹೇರಿದಳು. ಅಕ್ಷರ ಒಂದೂ ಬದಲಾಗಿರಲಿಲ್ಲ. ಕಾಶಿಬಾಯಿ ಆ ಚರ್ಮದ ಹತ್ತಿರ ಸುಳಿಯುವುದಿಲ್ಲವೆಂದು ಹೀಟರ್ ಹಾಕಿಸಿಕೊಂಡು ಕಾರಿನಲ್ಲೇ ಕೂತರು. ಸುಪ್ರಿಯಾ ಟೋನಿ ಕೊಟ್ಟ ಕಲ್ಲಿನಿಂದ ಹೊಡೆಯತೊಡಗಿದಳು. ಕೈಗೆ ಹೊಂದದ ಕಲ್ಲು, ಬೆರಳು ಕೊಯ್ದು ರಕ್ತ ಬಂತು. ಭಾಷಣಕ್ಕೆ ಬೇಸತ್ತ ಮಕ್ಕಳು ಒಬ್ಬೊಬ್ಬರಾಗಿ ಈಚೆ ಬಂದವು. ಮಕ್ಕಳನ್ನು ಹುಡುಕಿಕೊಂಡು ಅಪ್ಪ ಅಮ್ಮಂದಿರು ಬಂದರು. ಒಳಗೆ ಹಾಲ್ ಅರ್ಧ ಖಾಲಿಯಾದ ಮೇಲೆ ಶಿವಪ್ರಸಾದ್ ಬಂದರು.

"ಪಾರ್ಕಿಂಗ್ ಲಾಟ್ ಕೂಡ ನಾವು ರೆಂಟ್ ಮಾಡಿರೋದೇ. ಪ್ಲೀಸ್, ಕ್ಲೋಸ್ ಮಾಡಿ."

ಸುಪ್ರಿಯಾ ಇನ್ನೊಂದು ಏಟು ಹಾಕಿದಳು. ಚಕ್ಕೆ ಹಾರಿ ಅವರ ಬೂಟಿನ ಬಳಿ ಬಿತ್ತು.

ಅವರು ಗುಂಪಿನ ಕಡೆ ತಿರುಗಿದರು. "ಮಕ್ಕಳಿಗೆ ತಪ್ಪು ಮೆಸೇಜ್ ಹೋಗ್ತಿದೆ. ನಮ್ಮ ಪೂರ್ವಿಕರು ಇಂಥದ್ದನ್ನೆಲ್ಲ ತಿಂದವರಲ್ಲ."

ಕಾರಿನ ಬಾಗಿಲು ತೆರೆಯಿತು. ಇಳಕಲ್ ಸೀರೆಯ ಮೇಲೆ ಮಗನ ದೊಡ್ಡ ಜಾಕೆಟ್ ತೊಟ್ಟ ಕಾಶಿಬಾಯಿ, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದು ಸೊಸೆಯ ಪಕ್ಕ ನಿಂತರು. ಮಾತಾಡಬೇಕಾದಾಗ ಸೆರಗು ಇಳಿಸಿದರು.

"ನಾ ಮುಟ್ಟಂಗಿಲ್ಲ, ನನ್ನ ಸೊಸಿನೂ ತಿನ್ನಂಗಿಲ್ಲ. ಅವ್ರು ತಿಂದ್ರು. ಹಸಿವಿತ್ತು, ತಿಂದ್ರು. ತಿಂದಿಲ್ಲಂದ್ರ ನೀನೂ ಇರ್ತಿದ್ದಿಲ್ಲ, ನಿನ್ನ ರಾಜ್ಯೋತ್ಸವನೂ ಇರ್ತಿದ್ದಿಲ್ಲ."