ಅತ್ತೆಯ ದನಿಗೊಂದು ತುತ್ತೂರಿ

ನಾನು ಗಬ್ಬೂರಿನಿಂದ ಸೊಸೆಯಾಗಿ ಮಾನ್ವಿಗೆ ಬಂದಾಗ ಆ ಮನೆಯಲ್ಲಿ ಅತ್ತೆ ಇರಲಿಲ್ಲ. ನಮ್ಮನೆಯವರು ಇನ್ನೂ ಸಣ್ಣವರಿದ್ದಾಗಲೇ ಆಕೆ ತೀರಿಕೊಂಡಿದ್ದರು. ಅವರದೊಂದು ಫೋಟೋ ಸಹ ಇರಲಿಲ್ಲ. ಇದ್ದದ್ದು ದನಿ ಮಾತ್ರ.

ಮಾವ ರಾಯಚೂರು ರೈಲು ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದವರು. ಅವರ ಹರೆಯದಲ್ಲಿ, ಊರು ಬಿಟ್ಟು ಹೊರಟಿದ್ದ ಒಬ್ಬ ಅಧಿಕಾರಿ ತನ್ನ ಹಳೆಯ ಫೋನೋಗ್ರಾಫನ್ನು ಅವರ ಕೈಗೆ ಕೊಟ್ಟು ಹೋಗಿದ್ದ. ಆಮೇಲೆ ಎಲ್ಲ ಕಡೆ ಬಂದ, ತಟ್ಟೆ ಹಾಕುವ ಗ್ರಾಮಫೋನಲ್ಲ ಅದು. ಲೋಟದಷ್ಟು ದಪ್ಪದ ಮೇಣದ ಉರುಳೆ ತಿರುಗುತ್ತಿತ್ತು, ಅದರ ಮೇಲೆ ಮುಳ್ಳು ಓಡುತ್ತಿತ್ತು. ಖಾಲಿ ಉರುಳೆ ಹಾಕಿ ಮಿಷಿನ್ನಿನ ತುತ್ತೂರಿಯ ಮುಂದೆ ಮಾತಾಡಿದರೆ ಮಾತು ಮೇಣದಲ್ಲಿ ಉಳಿಯುತ್ತಿತ್ತು. ರಜೆಗೆ, ಆಗ ದೇವದುರ್ಗದಲ್ಲಿದ್ದ ಮನೆಗೆ ಹೋದಾಗ ಮಾವ ಅದನ್ನು ಸೀದಾ ಅಡಿಗೆಮನೆಗೆ ಹೊತ್ತೊಯ್ದು ಅತ್ತೆಯ ಮುಂದಿಟ್ಟು, ಏನರೆ ಮಾತಾಡು ಅಂದರಂತೆ. ಆಕೆ ಏನು ಮಾತಾಡಿಯಾರು?

"ಇದರ ಮುಂದ ಏನ್ ಮಾತಾಡ್ಲಿ? ನಗಬ್ಯಾಡ್ರಿ. ಹುಡುಗ ಬಿಸಲಾಗ ಎಲ್ಲಿ ಹೋದ ನೋಡ್ರಿ... ಸರೀರಿ ಅತ್ತಾಗ, ಹಾಲು ಉಕ್ಕಾಕತ್ತಾವ."

ಅಷ್ಟೇ. ಮದುವೆಯಾಗಿ ಬಂದ ಮರುದಿನ ಮಾವ ನನ್ನನ್ನು ಕೂಡ್ರಿಸಿ ಅದನ್ನು ಕೇಳಿಸಿದರು. ಮುಗಿದ ಮೇಲೆ ಯಾರಿಗೆ ನಮಸ್ಕಾರ ಮಾಡಬೇಕೋ ತಿಳಿಯದೆ ತುತ್ತೂರಿಗೇ ಕೈ ಮುಗಿದೆ. ಮಾವ ನಗಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಗಾಲದ ಗಲಾಟೆಯಲ್ಲಿ ನಾವು ಮಾನ್ವಿ ಬಿಟ್ಟೆವು. ಬಂಡಿಯಲ್ಲಿ ಚೀಕಲಪರ್ವಿಗೆ ಹೋಗಿ, ಹರಗೋಲಿನಲ್ಲಿ ತುಂಗಭದ್ರೆ ದಾಟಿ, ಆಚೆ ದಂಡೆಯ ನಂಟರ ಮನೆ ಸೇರಿದೆವು. ಉರುಳೆಗಳನ್ನು ಅರಳೆಯಲ್ಲಿ ಸುತ್ತಿ ನಾನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮಿಷಿನ್ನಿನ ಪೆಟ್ಟಿಗೆಯೂ ನೆಟ್ಟಗೆ ಬಂತು. ತುತ್ತೂರಿ ಮಾತ್ರ ಜೋಳದ ಚೀಲದ ಕೆಳಗೆ ಸಿಕ್ಕು ಅಪ್ಪಚ್ಚಿಯಾಗಿ, ಬೆಸುಗೆ ಬಿಟ್ಟು ಎರಡಾಗಿತ್ತು. ಮಾವ ಆ ತಗಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಒತ್ತಿ ಒತ್ತಿ ನೋಡಿದರು.

ಗಲಾಟೆ ಅಡಗಿ ಊರಿಗೆ ಮರಳುವಷ್ಟರಲ್ಲಿ ಅವರ ಕಿವಿ ಮಂದವಾಗಿತ್ತು. ಒಂದು ಕಿವಿ ಪೂರಾ ಹೋಗಿತ್ತು, ಇನ್ನೊಂದಕ್ಕೆ ಕೂಗಿ ಹೇಳಬೇಕಿತ್ತು. ಅದೂ ಹೋಗುವ ಮುಂಚೆ ಹೊಸ ತುತ್ತೂರಿ ತರಬೇಕೆಂದು ಅವರ ಹಟ.

"ನನ್ನ ಕಿವಿ ನಂಬಾಂಗಿಲ್ಲ. ನೀ ಬಾ ಯವ್ವಾ, ಆಕಿ ದನಿ ಹೆಂಗಿತ್ತು ನಿನಗ ನೆನಪದ" ಅಂದರು ನನಗೆ.

ಹೊರಡುವ ಮುಂಜಾನೆ ನಮ್ಮನೆಯವರು ನನ್ನನ್ನು ಹಿತ್ತಲಿಗೆ ಕರೆದರು. "ಹಗುರಾಂದು ತಗೊಂಡು ಬಾ. ಭಾರಾಂದು ಇದ್ರ ಮುಳ್ಳು ಒತ್ತಿ ಮೇಣ ಸವೀತದ. ನನಗ ನಮ್ಮವ್ವಂದು ಇರೋದು ಅದೊಂದ" ಅಂದರು. ಅವರು ಎಂದೂ ಯಾವುದಕ್ಕೂ ನನ್ನನ್ನು ಹಾಗೆ ಬೇಡಿದವರಲ್ಲ. ಆಗಲಿ ಅಂದೆ.

ಉರುಳೆಗಳ ಡಬ್ಬಿಗೆ ಬಿಸಿಲು ತಾಗಬಾರದೆಂದು ಹಸಿ ಬಟ್ಟೆ ಸುತ್ತಿ, ಮೋಟಾರು ಹತ್ತಿ ರಾಯಚೂರಿಗೆ ಹೋದೆವು. ತೀನ್ ಕಂದೀಲ್ ಚೌಕದ ಹತ್ತಿರ ಗಡಿಯಾರ, ಗ್ರಾಮಫೋನು ರಿಪೇರಿ ಮಾಡುವ ಸಾಹೇಬರೊಬ್ಬರ ಅಂಗಡಿ ಇತ್ತು. ಪೆಟ್ಟಿಗೆ ತೆರೆದದ್ದೇ ಅವರು ಮಿಷಿನ್ನಿನ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಬಹಳ ಪುರಾಣಾ ಚೀಜ್ ಐತಿ ಯಜಮಾನ್ರೇ. ಇದರ ಭೋಂಗಾ ಈಗ ಎಲ್ಲೀನೂ ಸಿಗಂಗಿಲ್ಲ. ಬ್ಯಾರೇದು ಕೂಡಿಸಿ ನೋಡಬೇಕು."

ಅಟ್ಟದಿಂದ ಮೂರ್ನಾಲ್ಕು ತುತ್ತೂರಿ ಇಳಿಸಿದರು. ಕೆಲವು ಮಿಷಿನ್ನಿನ ಕೊರಳಿಗೇ ಕೂಡಲಿಲ್ಲ. ರಬ್ಬರಿನ ನಳಿಗೆ ಸುತ್ತಿದ ಮೇಲೆ ಕೂತದ್ದು ಎರಡು. ಒಂದು ಹಿತ್ತಾಳೆಯದು, ದತ್ತೂರಿ ಹೂವಿನ ಹಾಗೆ ಬಾಯಿ ಬಿಟ್ಟದ್ದು, ದೊಡ್ಡದು. ಇನ್ನೊಂದು ನೆಟ್ಟಗಿನ ತಗಡಿನದು, ಗಾಣದವರು ಎಣ್ಣೆ ಹಾಕುವ ಲಾಳಿಕೆಗಿಂತ ತುಸು ಉದ್ದ.

ಸಾಹೇಬರು ಅತ್ತೆಯ ಉರುಳೆಗೇ ಕೈ ಹಾಕಿದರು. ಮಾವ ಅವರ ಕೈ ಹಿಡಿದರು. "ಅದು ಬ್ಯಾಡ್ರಿ. ಅದನ್ನ ಪರೀಕ್ಷಾಕ್ಕ ಹಚ್ಚಬ್ಯಾಡ್ರಿ." ಅಧಿಕಾರಿ ಮಿಷಿನ್ನಿನ ಜೊತೆ ಕೊಟ್ಟಿದ್ದ ಶಹನಾಯಿಯ ಉರುಳೆ ತೆಗೆದು ಕೊಟ್ಟರು.

ಹಿತ್ತಾಳೆಯದರಲ್ಲಿ ಶಹನಾಯಿ ಅಂಗಡಿ ತುಂಬಿ ರಸ್ತೆಗೆ ಹೋಯಿತು. ಹೋಗುವವರು ನಿಂತು ಇಣುಕಿದರು. ಮಾವನ ಮುಖ ಅರಳಿತು. ಆದರೆ ಸಾಹೇಬರು ಎಷ್ಟೇ ದಾರ ಕಟ್ಟಿ ಎತ್ತಿ ಹಿಡಿದರೂ ಅದರ ಭಾರ ಮುಳ್ಳಿನ ಮೇಲೆ ಬೀಳುತ್ತಿತ್ತು. ನಾನು ಬಗ್ಗಿ ನೋಡಿದೆ. ಮುಳ್ಳು ಹಾದಲ್ಲಿ ಕಾಡಿಗೆಯಂಥ ನುಣ್ಣನೆ ಪುಡಿ ಏಳುತ್ತಿತ್ತು. ಅದನ್ನು ಬೆರಳಿಗೆ ಹಚ್ಚಿ ಮಾವನಿಗೆ ತೋರಿಸಿದೆ. ಅವರ ಮುಖ ಬಾಡಿತು.

"ಆ ಸಣ್ಣದು ಹಚ್ರಿ" ಅಂದರು.

ತಗಡಿನದರಲ್ಲಿ ಪುಡಿ ಏಳಲಿಲ್ಲ. ದನಿ ಸಣ್ಣದು, ಆದರೆ ಮೆತ್ತಗೆ, ಪಕ್ಕದ ಮನೆಯಲ್ಲಿ ಊದಿದ ಹಾಗೆ. ಮಾವ ತಮ್ಮ ಒಳ್ಳೆಯ ಕಿವಿಯನ್ನು ಅದರ ಬಾಯಿಗೇ ಹಚ್ಚಿ, ಕಣ್ಣು ಮುಚ್ಚಿ ತಲೆದೂಗತೊಡಗಿದರು.

"ಚಲೋ ಕೇಳಸಾಕತ್ತದ. ಇದ ಸಾಕು. ನಿನ್ನ ಗಂಡನೂ ಹಗುರಾಂದ ತರ್ರಿ ಅಂದಾನಲ್ಲ?"

ಅವರಿಗೂ ಅದು ಗೊತ್ತಿತ್ತು. ಅಷ್ಟರಲ್ಲಿ ಶಹನಾಯಿ ಮುಗಿಯಿತು. ಮುಳ್ಳು ಬರಿಯ ಮೇಣದ ಮೇಲೆ ಸುಮ್ಮನೆ ಓಡುತ್ತಿತ್ತು. ಮಾವ ಇನ್ನೂ ತಲೆದೂಗುತ್ತಲೇ ಇದ್ದರು.

ಸಾಹೇಬರು ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಕಣ್ಣೊತ್ತಿಕೊಂಡು, ಹಿತ್ತಾಳೆಯದನ್ನು ಎತ್ತಿ ಅವರ ಮುಂದಿಟ್ಟೆ. "ಇದನ್ನ ಕಟ್ಟಿಕೊಡ್ರಿ" ಅಂದೆ.

ಮಾವ ಕಣ್ಣು ತೆರೆದರು. "ಅದ್ಯಾಕ ಬೇ? ಅವನು ಏನಂತಾನ?"

ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. "ನಿಮಗ ಕೇಳಿಸದಿದ್ರ ಆ ದನಿ ಯಾರಿಗೆ ಬೇಕ್ರಿ ಮಾವಾರ? ಅವರಿಗೆ ನಾ ಹೇಳ್ತೀನಿ."

ಮೋಟಾರಿನಲ್ಲಿ ಆ ತುತ್ತೂರಿಯನ್ನು ಮಾವ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದರು. ಮನೆ ಮುಟ್ಟುವ ತನಕ ನಾನು ಹೇಳಬೇಕಾದ ಮಾತು ಜೋಡಿಸಿಕೊಳ್ಳುತ್ತಿದ್ದೆ. ನಮ್ಮನೆಯವರು ಹಿತ್ತಾಳೆಯದನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಅಂಗಡಿಯಲ್ಲಿ ನಡೆದದ್ದನ್ನು ಅವರ ಹಿಂದೆಯೇ ಹೋಗಿ ಹೇಳಿದೆ. ಮುಖ ತಿರುಗಿಸಿಕೊಂಡೇ ಕೇಳಿದರು.

ಸಂಜೆ ದೀಪ ಹಚ್ಚಿದ ಮೇಲೆ ಮಾವ ಅತ್ತೆಯ ಉರುಳೆ ಹಾಕಿ ಮಿಷಿನ್ನಿಗೆ ಕೀಲಿ ಕೊಟ್ಟರು. ಮುಳ್ಳು ಇಟ್ಟರು. ದನಿ ಒರಟಾಗಿ, ದೊಡ್ಡದಾಗಿ ಬಂತು. ನಾನು ಹಿಂದೆ ಕೇಳಿದ ದನಿ ಅದಾಗಿರಲಿಲ್ಲ, ಯಾವಳೋ ಜೋರುಗಾತಿಯ ದನಿಯಂತಿತ್ತು. ಮಾಡಬಾರದ್ದು ಮಾಡಿದೆನೇನೋ ಅನಿಸಿತು. ಅಷ್ಟರಲ್ಲಿ ಮಾವ, ಆ ಮಿಷಿನ್ನಿಗೆ ಮುಖ ಕೊಟ್ಟು, ಮಾಮೂಲಿ ಮಾತಾಡುವಂತೆ ಅಂದರು: "ಆತಾತು, ಸರೀತೀನಿ. ಹಾಲು ಇಳಿಸ್ಕೋ."

ನಮ್ಮನೆಯವರು ಬಾಗಿಲಲ್ಲಿ ನಿಂತಿದ್ದವರು ಹಿತ್ತಲಿಗೆ ಹೋಗಿಬಿಟ್ಟರು. ಬಾವಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ನಾನು ಕರೆಯಲು ಹೋಗಲಿಲ್ಲ.

ಆ ಚಳಿಗಾಲವೆಲ್ಲ ಮಾವ ಆಗಾಗ ಕೇಳಿದರು. ಪ್ರತಿಸಲವೂ ಮುಳ್ಳಿನ ಸುತ್ತ ಪುಡಿ ಏಳುತ್ತಿತ್ತು, ನಾನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದೆ. ಮೊದಲ ಮಾತುಗಳು ಮಸುಕಾದವು. ನಡುವೆ ಬರಿ ಸುಯ್ ಅನ್ನುವ ಸದ್ದು ಬರತೊಡಗಿತು. ನಮ್ಮನೆಯವರು ಅದನ್ನು ಕೇಳುತ್ತಾ ಕೂತಿರುತ್ತಿದ್ದರು, ಸಾಕು ಅಂತ ಒಂದು ದಿನವೂ ಅನ್ನಲಿಲ್ಲ. ಮುಂದಿನ ಬೇಸಿಗೆಗೆ ಮಾವನ ಇನ್ನೊಂದು ಕಿವಿಯೂ ಹೋಯಿತು. ಮಳೆಗಾಲ ಹಿಡಿಯುವಷ್ಟರಲ್ಲಿ ಅವರೇ ಹೋದರು.

ದಿನಕರ್ಮಗಳೆಲ್ಲ ಮುಗಿದು ನಂಟರು ಊರಿಗೆ ಹೋದ ಮೇಲೆ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದೆ. ನಮ್ಮನೆಯವರು ಬಂದು ಎದುರಿಗೆ ಕೂತು, ಮೊರದಿಂದ ಹಿಡಿ ಜೋಳ ತೆಗೆದುಕೊಂಡು ತಾವೂ ಹರಳು ಆರಿಸತೊಡಗಿದರು.

"ನನಗ ಅವ್ವನ ದನಿ ನೆನಪ ಇದ್ದಿಲ್ಲ" ಅಂದರು. "ಆ ಮಿಷಿನ್ನಿಂದು ಕೇಳಿ ಕೇಳಿ ಅದನ್ನ ಅವ್ವ ಅಂತ ತಿಳಕೊಂಡಿದ್ದೆ. ಅಪ್ಪಗ ಆಕಿ ಪೂರಾ ನೆನಪಿದ್ಲು. ನೀ ಆ ದನಿ ಅವಗ ಕೊಟ್ಟಿದ್ದು ಚಲೋ ಆತು."

ಇನ್ನೊಂದು ಹಿಡಿ ಜೋಳ ಅವರ ಕಡೆ ಸರಿಸಿದೆ.